ಮೇಲಿನಮ್ಮ ಇಳಿದ ದಿನ

ಕೆಳಗೆ ನಿಂತ ಸೀಟಿ ಕೈ ಎತ್ತಿ ಅಂಗೈ ತೋರಿಸಿದ್ದನ್ನು ಅವಳು ಕ್ರೇನಿನ ಮೇಲಿಂದ ಕಂಡಳು, ನಿಲ್ಲಿಸಬೇಕು ಅಂದುಕೊಂಡಳು, ನಿಲ್ಲಿಸಿದಳು. ಇಷ್ಟು ವರ್ಷ ಈ ಮೂರೂ ಒಂದೇ ಕೆಲಸವಾಗಿದ್ದವು, ಕಂಡದ್ದೇ ನಿಲ್ಲಿಸಿದ ಹಾಗೆ. ಇವತ್ತು ಅವುಗಳ ನಡುವೆ ಸಣ್ಣದೊಂದು ಸಂದು ಬಿಟ್ಟುಕೊಂಡಿತ್ತು. ಆ ಸಂದಿನಲ್ಲಿ ಕಾಂಕ್ರೀಟಿನ ಚಪ್ಪಡಿ, ತಂತಿಹಗ್ಗದ ತುದಿಯಲ್ಲಿ ತನ್ನ ಪಾಡಿಗೆ ತಾನು ತೇಲಿ, ನಿಲ್ಲಬೇಕಾದ ಜಾಗವನ್ನು ಗೇಣುದ್ದ ದಾಟಿ ನಿಂತಿತು. ಕೆಳಗಿದ್ದವರು ಯಾರೂ ತಲೆ ಎತ್ತಲಿಲ್ಲ. ಆ ಕೆಲಸದಲ್ಲಿ ಗೇಣು ಎಂಬುದು ಲೆಕ್ಕಕ್ಕೇ ಇಲ್ಲ. ಅಂಗಳದ ಆಚೆ ತುದಿಯ ಇನ್ನೊಂದು ಕ್ರೇನಿನವನು ಮೊಳದುದ್ದ ತಪ್ಪಿಸಿ, ಹಿಂದಕ್ಕೆಳೆದು, ಗಾಳಿಯನ್ನು ಬೈದು, ಮತ್ತೆ ಸಿಗರೇಟು ಹಚ್ಚುವುದನ್ನು ಅವಳು ದಿನಾ ನೋಡುತ್ತಿದ್ದಳು. ನೋಡಿ ತುಟಿಯ ಒಂದು ಮೂಲೆಯಲ್ಲಿ ನಗುತ್ತಿದ್ದಳು. ಅವಳು ತಪ್ಪಿಸುವವಳಲ್ಲ. ಅವಳು ಇಳಿಸಿದ ಚಪ್ಪಡಿಯನ್ನು ಮತ್ತೆ ಸರಿಸಿದ್ದನ್ನು ಆ ಕಟ್ಟಡದಲ್ಲಿ ಕಂಡವರಿಲ್ಲ. ಹಾಗಂತ ಅವಳೇ ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಬೇರೆಯವರು ಹೇಳುವಾಗ ಕೇಳಿಸದವಳ ಹಾಗೆ ಕೈಚೀಲದಲ್ಲಿ ಏನೋ ಹುಡುಕುತ್ತಿದ್ದಳು, ಅಷ್ಟೆ. ಹುಡುಕುತ್ತ ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು.

ಸೀಟಿ ಎಂದರೆ ಕೆಳಗೆ ನಿಂತು ಕೈಸನ್ನೆ ಮಾಡುವ ಹಿರಿಯ. ವಾಕಿಟಾಕಿ ಬರುವ ಮುಂಚೆ ಎರಡು ಬೆರಳು ಬಾಯಿಗಿಟ್ಟು ಊದಿಯೇ ಕ್ರೇನು ನಡೆಸುತ್ತಿದ್ದನಂತೆ, ಆ ಹೆಸರು ಅಂದಿನದು. ಅವಳಿಗೆ ಹೆಸರಿಟ್ಟವನೂ ಅವನೇ. ಅವಳು ಈ ಕಟ್ಟಡಕ್ಕೆ ಬಂದ ಮೊದಲ ವಾರ ಗಾರೆಯವರು, ಕಬ್ಬಿಣದವರು ಎಲ್ಲ ತಲೆ ಎತ್ತಿ ನೋಡುವುದೂ ಮುಸಿಮುಸಿ ನಗುವುದೂ ನಡೆದಾಗ, ಅವನು ಊಟದ ಹೊತ್ತಿನಲ್ಲಿ ಗಂಭೀರವಾಗಿ, ನಿಮ್ಮ ತಲೆ ಮೇಲೆ ಏನು ಬೀಳಬೇಕು ಏನು ಬೀಳಬಾರದು ಅಂತ ಇನ್ನು ಮೇಲಿನಮ್ಮನೇ ತೀರ್ಮಾನ ಮಾಡೋದು, ನೋಡಿಕೊಂಡು ನಗ್ರಪ್ಪ, ಎಂದಿದ್ದ. ಆವತ್ತಿನಿಂದ ಅವಳು ಮೇಲಿನಮ್ಮ. ಸಂಬಳದ ಚೀಟಿಯ ಮೇಲಿದ್ದ ಹೆಸರು ಅವಳಿಗೇ ಯಾರದೋ ಅನ್ನಿಸುವಷ್ಟರ ಮಟ್ಟಿಗೆ ಮೇಲಿನಮ್ಮ.

ಮುಂದಿನದು ಸರಳಿನ ಕಟ್ಟು. ಕೊಕ್ಕೆ ಸಿಗಿಸಿ ಹಿಂದೆ ಸರಿದವರ ಹಳದಿ ಟೋಪಿಗಳು ಕೆಳಗೆ ಚದುರಿದವು. ಅವಳು ಎತ್ತುವ ಮೊದಲು ಎರಡೂ ಅಂಗೈಗಳನ್ನು ತೊಡೆಗೆ ಒರೆಸಿಕೊಂಡಳು. ಕಿವಿಯಲ್ಲಿ ಹತ್ತಿ ತುರುಕಿದ ಹಾಗಿತ್ತು. ಗಾಜಿನಾಚೆಯ ಬೆಳಕು ನೀರಿನೊಳಗಿಂದ ಬಂದಂತೆ ಮೆತ್ತಗೆ ಬರುತ್ತಿತ್ತು. ಮೂಗು ಮಾತ್ರ ಒಣಗಿತ್ತು, ಅದಕ್ಕೆ ಬೇಕಾದ್ದನ್ನು ಅದು ಪಡೆದುಕೊಂಡಿತ್ತು. ನಿನ್ನೆ ನೆಗಡಿ ಹಿಡಿದು, ಸೀನಿದಾಗೆಲ್ಲ ಕಣ್ಣು ತಾನೇ ಮುಚ್ಚಿಹೋಗುತ್ತಿತ್ತು. ಕ್ರೇನಿನಲ್ಲಿ ಕೂತು ಸೀನುವುದುಂಟೆ ಎಂದು ಬೀದಿ ತುದಿಯ ಔಷಧಿ ಅಂಗಡಿಯಿಂದ ಮಾತ್ರೆ ತಂದಿದ್ದಳು. ಅಂಗಡಿಯವನು ರಾತ್ರಿ ಹೊತ್ತಿಗೆ ಒಂದು ತಗೊಳ್ಳಿ, ಸ್ವಲ್ಪ ಮಂಪರು ಬರುತ್ತೆ ಅಂದಿದ್ದ. ರಾತ್ರಿ ತೆಗೆದುಕೊಂಡಳು. ಬೆಳಗ್ಗೆ ಮತ್ತೆ ಮೂಗು ಸೋರತೊಡಗಿದಾಗ ಇನ್ನೊಂದು ನುಂಗಿ ಹೊರಟಳು. ರಾತ್ರಿಯ ಮಾತ್ರೆಯ ಮೇಲೆ ಅತ್ತೆಯ ಕಷಾಯವನ್ನೂ ಕುಡಿದಿದ್ದಳು, ಅದು ದಿನಾ ಕುಡಿಯುವುದೇ. ನೆಗಡಿಯಾಗಿದೆ ಅಂತ ಅತ್ತೆ ನಿನ್ನೆ ಬೇರನ್ನು ಒಂದು ಹಿಡಿ ಹೆಚ್ಚೇ ಹಾಕಿ ಕುದಿಸಿದ್ದರು. ಇದೆಲ್ಲ ಅವಳಿಗೆ ಈಗ ಒಂದರ ಹಿಂದೆ ಒಂದು, ನಿಧಾನವಾಗಿ, ಬೇರೆ ಯಾರಿಗೋ ಆದ ಸಂಗತಿಯ ಹಾಗೆ ನೆನಪಾಗುತ್ತಿತ್ತು. ಹಾಗೆ ನಿಧಾನವಾಗಿ ನೆನಪಾಗುತ್ತಿರುವುದೇ ಸರಿಯಲ್ಲ ಅನ್ನಿಸಿತು.

ಅತ್ತೆ ಕುದಿಸುವ ತಗರದ ಬೇರು ಎಂದರೆ ಒಳ್ಳೆಯ ವಾಸನೆಯದಲ್ಲ. ಮೊದಲ ದಿನ ಅತ್ತೆ ಅದನ್ನು ಕುದಿಸಿದಾಗ ಗಂಡ ಬಾಗಿಲಲ್ಲೇ ನಿಂತು, ಮನೆಯೊಳಗೆ ಯಾರ ಕಾಲುಚೀಲ ಬೇಯಿಸ್ತಿದ್ದೀರಿ ಅಂದಿದ್ದ. ಅತ್ತೆ ನಗಲಿಲ್ಲ. ತಮ್ಮ ಬೇರಿನ ವಿಷಯದಲ್ಲಿ ಅತ್ತೆ ನಗುವುದಿಲ್ಲ. ನೂಲಿನ ಕಾರ್ಖಾನೆಯಲ್ಲಿ ಜೀವ ತೇದ ಹೆಂಗಸು ಅವರು. ಯಂತ್ರದ ಸದ್ದು ಕಿವಿಯೊಳಗೇ ಉಳಿದು ನಿದ್ದೆ ಕಳೆದುಕೊಂಡ ಗೆಳತಿಯರಿಗೆಲ್ಲ ಅದೇ ಬೇರು ಕುದಿಸಿ ಕೊಟ್ಟು ಹೆಸರು ಮಾಡಿದವರು. ಈಗಲೂ ಬೀದಿಯ ಮುದುಕಿಯರು ಸಂಜೆ ಹೊತ್ತು ಬಂದು, ಸ್ವಲ್ಪ ಮನಸ್ಸು ತಣ್ಣಗೆ ಮಾಡೋದು ಕೊಡಿ ಅನ್ನುವರು. ಸೊಸೆ ಮಾತ್ರ ಕೇಳಿರಲಿಲ್ಲ. ಸೊಸೆಗೆ ಏನೂ ಬೇಕಿರಲಿಲ್ಲ, ಆ ಗಾಳಿಯ ದಿನದ ತನಕ. ಆವತ್ತು ಎಲ್ಲಿಂದಲೋ ಎದ್ದ ಗಾಳಿ ಕಿಟಕಿ ಚೌಕಟ್ಟುಗಳ ಹೊರೆಯನ್ನು ಹಿಡಿದು ಆಡಿಸಿತು, ಕೆಳಗೆ ಜನ ಓಡಿದರು, ಅವಳು ಓಡುವಂತಿರಲಿಲ್ಲ; ಕೂತಲ್ಲೇ ಕೂತು, ಹೊರೆ ಎತ್ತ ತೂಗುತ್ತದೋ ಅತ್ತಲೇ ಕ್ರೇನಿನ ತೋಳನ್ನು ಒಯ್ದು, ತೊಟ್ಟಿಲು ನಿಲ್ಲಿಸುವ ಹಾಗೆ ನಿಲ್ಲಿಸಿ, ಮರಳ ರಾಶಿಯ ಮೇಲೆ ಇಳಿಸಿದಳು. ಒಂದು ಗಾಜೂ ಒಡೆಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಸೂಪರ್‌ವೈಸರ್ ಕೈ ಕುಲುಕಿದ. ಆ ಚಪ್ಪಾಳೆ ಮನೆಗೆ ಬಂದು ಮಲಗಿದ ಮೇಲೂ ಕೇಳಿಸುತ್ತಿತ್ತು, ಅದು ಚಂದವಾಗಿತ್ತು. ಆದರೆ ಕಣ್ಣು ಹತ್ತುತ್ತಲೇ ಕೈಗಳು ಹೊದಿಕೆಯ ಅಂಚನ್ನು ಕ್ರೇನಿನ ಹಿಡಿಗಳ ಹಾಗೆ ಹಿಡಿದು ಎಳೆಯತೊಡಗಿದವು. ಕನಸಿನಲ್ಲಿ ಹೊರೆ ತೂಗುತ್ತಿತ್ತು. ಪ್ರತಿ ಸಲವೂ ಅವಳು ನಿಲ್ಲಿಸುವ ಮೊದಲೇ ಎಚ್ಚರವಾಗುತ್ತಿತ್ತು. ಮೆಚ್ಚುಗೆ ಪಡೆದ ಕೆಲಸಕ್ಕೆ ಹೆದರಿದ್ದೇನೆ ಅಂತ ಯಾರ ಹತ್ತಿರ ಹೇಳುವುದು? ನಡುಮನೆಯಲ್ಲಿ ಅವಳು ಓಡಾಡುವ ಸದ್ದು ಕೇಳಿ ಅತ್ತೆ ಒಂದು ಸಂಜೆ ಲೋಟ ತಂದು ಮುಂದಿಟ್ಟರು. ಯಾಕೆ ಏನು ಅಂತ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅತ್ತೆಯ ಬಗ್ಗೆ ಅವಳಿಗೆ ಹಿಡಿಸುತ್ತಿದ್ದದ್ದೇ ಅದು. ಕುಡಿದು ಮಲಗಿದರೆ ಹೊದಿಕೆ ಹೊದಿಕೆಯಾಗಿಯೇ ಇರುತ್ತಿತ್ತು.

ಕಟ್ಟು ಮೇಲೆ ಬಂತು. ಅವಳು ತೋಳನ್ನು ಬಲಕ್ಕೆ ತಿರುಗಿಸಿದಳು. ಸರಳುಗಳ ತುದಿಗಳು ಬಿಸಿಲಿಗೆ ಮಿನುಗಿದವು. ಮಿನುಗಿದ್ದನ್ನು ನೋಡುತ್ತಿದ್ದಳು. ಆಮೇಲೆ ಮತ್ತೆ ನೋಡುತ್ತಿದ್ದಳು. ಈ ಎರಡು ನೋಟಗಳ ನಡುವೆ ಏನಿತ್ತು ಎಂದು ಅವಳಿಗೆ ತಿಳಿಯಲಿಲ್ಲ. ಏನೂ ಆಗಿರಲಿಲ್ಲ, ಕಟ್ಟು ಎಲ್ಲಿತ್ತೋ ಅಲ್ಲೇ ಇತ್ತು, ಅದರ ಕೆಳಗೆ ಇಬ್ಬರು ಹಲಗೆ ಹೊತ್ತು ದಾಟುತ್ತಿದ್ದರು, ಅವರು ಅಷ್ಟು ದೂರ ಬಂದದ್ದನ್ನು ಅವಳು ಕಂಡಿರಲಿಲ್ಲ. ಕಣ್ಣು ರೆಪ್ಪೆ ಮುಚ್ಚಿ ತೆರೆದದ್ದಷ್ಟೇ ಇರಬಹುದು. ಇರಬಹುದು. ಬೆನ್ನಿನ ತುದಿಯಿಂದ ಕುತ್ತಿಗೆಯವರೆಗೆ ತಣ್ಣಗೆ ಏನೋ ಏರಿತು, ಒಂದು ಗಳಿಗೆ ಎಲ್ಲವೂ ಹಳೆಯ ಹಾಗೆ ಹರಿತವಾಯಿತು. ಆ ಹರಿತ ಇರುವಷ್ಟರಲ್ಲಿ, ಅದು ಹೋಗುವ ಮೊದಲು, ಅವಳು ಕಟ್ಟನ್ನು ಜನವಿಲ್ಲದ ಮೂಲೆಗೆ ಒಯ್ದು, ಉಸಿರು ಬಿಗಿಹಿಡಿದು, ಇಟ್ಟಳು. ಸದ್ದಾಗದ ಹಾಗೆ ಇಟ್ಟಳು. ಇಷ್ಟಾದರೂ ಆ ಇಡುವಿಕೆಯ ಚಂದ ಅವಳ ಗಮನಕ್ಕೆ ಬಾರದೆ ಹೋಗಲಿಲ್ಲ.

ಅಲ್ಲಿ ಯಾಕಿಟ್ಟೆ ಅಂತ ಸೀಟಿ ವಾಕಿಟಾಕಿಯಲ್ಲಿ ಕೇಳಿದ. ಅವಳು ಗುಂಡಿ ಒತ್ತಿ ಹಿಡಿದು ಗೇಟಿನತ್ತ ನೋಡಿದಳು. ಕಾಂಕ್ರೀಟು ತುಂಬಿದ ಲಾರಿಗಳು ಗೇಟಿನೊಳಗೆ ಬಂದು ಸಾಲುಗಟ್ಟಿದ್ದವು, ಹೊಟ್ಟೆ ತಿರುಗಿಸುತ್ತ ಕಾಯುತ್ತಿದ್ದವು. ಮೇಲಿನ ಮಹಡಿಯ ಛಾವಣಿಗೆ ಇವತ್ತು ಸುರಿಯುವ ಕೆಲಸ. ತೊಟ್ಟಿಗಟ್ಟಲೆ ಮೇಲೆತ್ತಿ ಸುರಿಯಬೇಕಾದವಳು ಅವಳೇ. ತಡವಾದರೆ ಲಾರಿಯೊಳಗೇ ಗಟ್ಟಿಯಾಗುತ್ತದೆ.

“ಅಣ್ಣ, ನಾನು ಇಳೀತೀನಿ.”

“ಏನಾಯ್ತಮ್ಮ?”

“ಇವತ್ತು ನನ್ನ ಕೈಲಾಗಲ್ಲ. ಇಳೀತೀನಿ.”

ಸೂಪರ್‌ವೈಸರ್‌ನ ದನಿ ನಡುವೆ ನುಗ್ಗಿತು. ಮಧ್ಯಾಹ್ನದವರೆಗೆ ಹೇಗಾದರೂ ತಳ್ಳಿ, ಆಮೇಲೆ ಇನ್ನೊಬ್ಬರನ್ನು ಕರೆಸ್ತೀನಿ, ಲಾರಿ ನಿಂತಿದೆ ಕಾಣ್ತಿಲ್ವಾ ಎಂದ. ಕಾಣುತ್ತಿತ್ತು. ಅವಳಿಗೆ ಕಾಣುವಷ್ಟು ಅವನಿಗೆ ಕಾಣುವುದಿಲ್ಲ. ಕೆಳಗಿನವರಿಗೆ ಲಾರಿ ಮಾತ್ರ ಕಾಣುತ್ತದೆ. ಅವಳಿಗೆ ಲಾರಿಯೂ, ಅದರ ಹಿಂದೆ ಹಲಗೆ ಹೊತ್ತವರೂ, ಬೇಲಿಯಾಚೆ ಶಾಲೆಗೆ ತಡವಾಗಿ ಓಡುವ ಮಗುವೂ, ಆ ಮಗುವಿನ ತಲೆಯ ಮೇಲೆ ಹಾದುಹೋಗುವ ತನ್ನ ತೋಳಿನ ನೆರಳೂ ಕಾಣುತ್ತದೆ. ಇಲ್ಲ ಸರ್, ಅಂದಳು. ಇನ್ನೊಂದು ಸಲ ಇಲ್ಲ ಸರ್ ಅಂದು, ಯಂತ್ರ ಆರಿಸಿ, ಬಾಗಿಲು ತೆರೆದಳು.

ಏಣಿ ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಇವತ್ತಂತೂ ಮೆಟ್ಟಿಲು ಮೆಟ್ಟಿಲಿಗೂ ಪಾದ ತಾಕಿದೆಯೋ ಇಲ್ಲವೋ ಎಂದು ನೋಡಿಕೊಂಡು ಇಳಿಯಬೇಕಾಯಿತು. ಕೆಳಗೆ ಒಬ್ಬೊಬ್ಬರೇ ಕೆಲಸ ನಿಲ್ಲಿಸುತ್ತಿದ್ದರು. ತಲೆ ಎತ್ತುತ್ತಿದ್ದರು. ಇಷ್ಟು ದಿನ ಅವರು ತಲೆ ಎತ್ತಿದ್ದು ಬೇರೆ ಥರ. ತರಬೇತಿಯಲ್ಲಿ ಜೊತೆಗಿದ್ದ ಗಂಡಸರೆಲ್ಲ, ನೋಡೋಣ, ಎಷ್ಟು ದಿನ ಇರ್ತಾಳೆ ಅಂದುಕೊಂಡಿದ್ದು ಅವಳ ಕಿವಿಗೆ ಬಿದ್ದಿತ್ತು. ಅವರಲ್ಲಿ ಯಾರೂ ಇಲ್ಲಿ ಇರಲಿಲ್ಲ, ಆದರೆ ಅವರೆಲ್ಲ ಈಗ ಕೆಳಗೆ ನಿಂತು ನೋಡುತ್ತಿದ್ದಾರೆ ಅನ್ನಿಸಿತು. ಏಣಿಯ ನಡುವಿನ ಕಟ್ಟೆಯಲ್ಲಿ ಕೂತು ಉಸಿರೆಳೆದುಕೊಂಡಳು. ವಾಪಸು ಹತ್ತಿಬಿಟ್ಟರೆ? ತಣ್ಣೀರು ಮುಖಕ್ಕೆ ಹಾಕಿಕೊಂಡರೆ? ಮೇಲೆ ಬಾಟಲಿಯಲ್ಲಿ ನೀರಿತ್ತು. ಆವತ್ತು ಗಾಳಿಗೇ ಎದುರು ನಿಂತವಳು ಒಂದು ನೆಗಡಿ ಮಾತ್ರೆಗೆ ಸೋತಳು ಅನ್ನುತ್ತಾರೆ. ಅನ್ನಲಿ. ಅನ್ನಬಾರದು. ಅನ್ನಲಿ ಎಂದು ಒಂದು ಮೆಟ್ಟಿಲು, ಅನ್ನಬಾರದು ಎಂದು ಒಂದು ಮೆಟ್ಟಿಲು ಇಳಿಯುತ್ತಲೇ ಇದ್ದಳು. ಕಾಲುಗಳು ಅವಳ ಅನುಮಾನವನ್ನು ಕೇಳಿಸಿಕೊಳ್ಳಲಿಲ್ಲ. ಅದಕ್ಕಾಗಿ ಅವಳಿಗೆ ಕಾಲುಗಳ ಮೇಲೆ ಒಂದು ಥರದ ಮರ್ಯಾದೆ ಹುಟ್ಟಿತು.

ಸೂಪರ್‌ವೈಸರ್ ಕೆಟ್ಟವನಲ್ಲ; ಅವಸರದವನು. ಅವಳು ನೆಲ ಮುಟ್ಟುವ ಮೊದಲೇ, ಉಸಿರು ಊದಿ ಹೆಂಡ ಪತ್ತೆಮಾಡುವ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ನಿಯಮ ಇದೆ, ಎಲ್ಲರಿಗೂ ಒಂದೇ, ಬೇಜಾರು ಮಾಡ್ಕೋಬೇಡಿ ಅಂದ. ಎಲ್ಲರಿಗೂ ಒಂದೇ ಎಂಬ ಮಾತು ಎಲ್ಲರ ಮುಂದೆ ಹೇಳಿದಾಗ ಒಬ್ಬರಿಗೇ ಹೇಳಿದ ಹಾಗೆ ಕೇಳುತ್ತದೆ. ಅವಳು ತುಟಿ ಜೋಡಿಸಿ ಊದಿದಳು. ಗಾರೆಯವರು, ಕಬ್ಬಿಣದವರು, ಲಾರಿ ಚಾಲಕರು ಸುತ್ತ ನಿಂತಿದ್ದರು. ಹೀಗೆ ಕೆನ್ನೆ ಉಬ್ಬಿಸಿಕೊಂಡು ನಿಂತ ತನ್ನ ಮುಖ ಹೊರಗಿನಿಂದ ಹೇಗೆ ಕಾಣುತ್ತಿರಬಹುದು ಎಂದು ಅವಳಿಗೆ ಹೊಳೆದು, ಆ ಒಂದು ಉಸಿರು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಡಬ್ಬಿ ಸೊನ್ನೆ ತೋರಿಸಿತು. ಅವನು ಅದನ್ನು ಜೇಬಿಗಿಳಿಸಿ, ದನಿ ತಗ್ಗಿಸಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ:

“ಹೆಂಗಸರ ಏನೋ ತೊಂದರೆ ಅಂತ ಬರ್ಕೊಳ್ತೀನಿ ಬಿಡಿ. ಯಾರೂ ಕೇಳಲ್ಲ.”

ಸಲೀಸಾದ ದಾರಿ. ಮನೆಗೆ ಹೋಗಿ ಮಲಗಿ, ನಾಳೆ ಬೆಳಗ್ಗೆ ಏನೂ ಆಗದವಳ ಹಾಗೆ ಬರಬಹುದು. ಗಂಡಸರು ನೆಲ ನೋಡುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ತರಬೇತಿಯ ದಿನದಿಂದ ಅವಳು ಹೊರಗಿಟ್ಟುಕೊಂಡು ಬಂದದ್ದೇ ಆ ಒಂದು ಮಾತನ್ನು. ಹೊಟ್ಟೆ ಹಿಡಿದುಕೊಂಡು ಹತ್ತಿದ ದಿನಗಳು ಎಷ್ಟೋ ಇದ್ದವು, ಒಂದು ಗೇಣೂ ತಪ್ಪಿರಲಿಲ್ಲ. ಆ ದಿನಗಳನ್ನೆಲ್ಲ ಈಗ ಈ ಸುಳ್ಳಿಗೆ ಮಾರಬೇಕೆ?

“ಹೆಂಗಸರ ತೊಂದರೆ ಅಲ್ಲ ಸರ್. ನಿದ್ದೆಗೆ ಅಂತ ಬೇರಿನ ಕಷಾಯ ಕುಡೀತೀನಿ. ಅದರ ಮೇಲೆ ನೆಗಡಿ ಮಾತ್ರೆ ತಗೊಂಡೆ, ಎರಡು. ಮೇಲೆ ಕಣ್ಣು ಮುಚ್ಚಿಹೋಯ್ತು. ಎಷ್ಟು ಹೊತ್ತು ಅಂತ ನನಗೇ ಗೊತ್ತಿಲ್ಲ. ಹಾಗೇ ಬರ್ಕೊಳ್ಳಿ.”

ಎಲ್ಲರಿಗೂ ಕೇಳಿಸಿತು. ಯಾವ ಬೇರು ಅಂತ ಯಾರೋ ಕೇಳಿದರು. ತಗರ ಅಂದಳು. ಹಿಂದಿದ್ದ ಒಬ್ಬ, ಟಗರಾ? ಟಗರು ಕುಡಿದ್ರೆ ಗುದ್ದಬೇಕು ತಾನೇ, ನಿದ್ದೆ ಹ್ಯಾಗೆ ಬರುತ್ತೆ, ಅಂದ. ನಗು ಒಬ್ಬರಿಂದೊಬ್ಬರಿಗೆ ದಾಟಿ ಲಾರಿಗಳ ತನಕ ಹೋಯಿತು. ಮಾತು ಚೆನ್ನಾಗಿಯೇ ಇತ್ತು. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಹಲಗೆ ಹೊತ್ತಿದ್ದ ಇಬ್ಬರು ಮಾತ್ರ ನಗಲಿಲ್ಲ. ಹಲಗೆಯನ್ನು ಕಾಲ ಬಳಿ ನಿಲ್ಲಿಸಿಕೊಂಡು, ಮೂಲೆಯಲ್ಲಿ ಇಟ್ಟಿದ್ದ ಸರಳಿನ ಕಟ್ಟನ್ನೂ ಅವಳನ್ನೂ ನೋಡುತ್ತಿದ್ದರು.

ರಸ್ತೆಯಾಚೆಯ ಚಿಕಿತ್ಸಾಲಯಕ್ಕೆ ಸೀಟಿ ಜೊತೆಗೆ ಬಂದ. ಅವಳ ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು, ಎರಡು ಹೆಜ್ಜೆ ಹಿಂದೆಯೇ ನಡೆದ. ಲಾರಿಗಳು ಒಂದೊಂದಾಗಿ ಹಿಂದಕ್ಕೆ ಹೊರಟಿದ್ದವು. ರಸ್ತೆ ದಾಟುವ ಮೊದಲು ಅವನು ನಿಂತ.

“ಮೊದಲನೇ ಚಪ್ಪಡಿಯಲ್ಲೇ ನೋಡಿದೆ ಕಣಮ್ಮ. ಒಂದು ಗೇಣು.”

ಅವಳಿಗೆ ಮುಖ ಬಿಸಿಯಾಯಿತು. “ಮತ್ತೆ ಯಾಕೆ ಹೇಳಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ. ಕಟ್ಟು ಇಳಿಸಿದ ಮೇಲೂ ಬಾಯಿ ಬಿಡದೇ ಇದ್ದಿದ್ರೆ ನಾನೇ ನಿಲ್ಲಿಸ್ತಿದ್ದೆ.”

ಉಸಿರಿನ ಡಬ್ಬಿಗಿಂತ, ಟಗರಿನ ನಗೆಗಿಂತ ಇದು ಆಳಕ್ಕೆ ಹೋಯಿತು. ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದ ಗೇಣನ್ನು ಇನ್ನೊಂದು ಜೊತೆ ಕಣ್ಣು ಅಳೆದುಬಿಟ್ಟಿತ್ತು. ಸಿಟ್ಟು ಬಂತು. ಆ ಸಿಟ್ಟಿನ ಅಡಿಯಲ್ಲಿಯೇ, ಇಷ್ಟು ವರ್ಷ ತನ್ನ ಕೆಳಗೆ ನಿಂತವನು ತನ್ನಷ್ಟೇ ಚೆನ್ನಾಗಿ ಕೆಲಸ ಬಲ್ಲವನು ಎಂಬ ಹೆಮ್ಮೆಯೂ ಬಂತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆಂದು ತಿಳಿಯದೆ, ಟೋಪಿ ಕೊಡಿ ಇಲ್ಲಿ ಅಂತ ಕಿತ್ತುಕೊಂಡು ರಸ್ತೆ ದಾಟಿದಳು.

ಡಾಕ್ಟರು ಅವಳಿಗಿಂತ ಚಿಕ್ಕವಳು. ನಾಡಿ, ರಕ್ತದೊತ್ತಡ ನೋಡಿ, ಕಣ್ಣಿಗೆ ದೀಪ ಹಿಡಿದು, ಬೇರನ್ನು ತರಿಸಿ ಅಂದಳು. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಬೇರಿನಲ್ಲಿ ಬೇರೇನೇನೋ ಬೆರೆತಿರುತ್ತದೆ, ನೋಡದೆ ಹೇಳಲಾರೆ ಎಂದಳು. ಹೀಗಾಗಿ ಅತ್ತೆಗೆ ಫೋನು ಹೋಯಿತು. ಅವರು ಬರುವವರೆಗೆ ಹಾಸಿಗೆಯ ಮೇಲೆ ಅವಳು ಹಾಗೇ ನಿದ್ದೆ ಹೋದಳು. ಎದ್ದಾಗ ಅತ್ತೆ ಎದುರಿಗಿನ ಕುರ್ಚಿಯಲ್ಲಿ, ಹೊರಗೆ ಹೋಗುವಾಗ ಉಡುವ ಒಳ್ಳೆಯ ಬಟ್ಟೆಯಲ್ಲಿ, ಬೇರಿನ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಮುಖ ಬಿಗಿದುಕೊಂಡಿತ್ತು. ಅವಮಾನಕ್ಕೆ ತಯಾರಾಗಿ ಬಂದವರ ಮುಖ ಅದು. ಸೊಸೆ ಹಾಸಿಗೆಯ ಮೇಲೆ ಎದ್ದು ಕೂತಳು. ತಾನು ಎಲ್ಲರೆದುರು ಬೇರಿನ ಹೆಸರು ಹೇಳಿ ಬಂದಾಗ ಈ ಮುಖವನ್ನು ನೆನೆಸಿಕೊಂಡಿರಲಿಲ್ಲ.

ಡಾಕ್ಟರು ಡಬ್ಬದ ಮುಚ್ಚಳ ತೆಗೆದು ಮೂಸಿ, ಮೂಗು ಸಿಂಡರಿಸಿ, ನಕ್ಕಳು. ಬೇರು ಅಸಲಿಯೇ ಇದೆ ಅಂದಳು. ಅತ್ತೆಯ ಬೆನ್ನು ಇನ್ನಷ್ಟು ನೆಟ್ಟಗಾಯಿತು. ಹೇಗೆ ಕುದಿಸ್ತೀರಿ, ಎಷ್ಟು, ಯಾರಿಗೆಲ್ಲ ಎಂದು ಕೇಳಿದ್ದಕ್ಕೆಲ್ಲ ಅತ್ತೆ ಪರೀಕ್ಷೆಗೆ ಕೂತವರ ಹಾಗೆ ಉತ್ತರ ಕೊಟ್ಟರು. ಬಸುರಿಗೆ ಕೊಟ್ಟಿಲ್ಲ, ಬಾಣಂತಿಗೆ ಕೊಟ್ಟಿಲ್ಲ, ಮಕ್ಕಳಿಗೆ ಮುಟ್ಟಿಸಿಲ್ಲ, ಕುಡಿಯುವ ಗಂಡಸರನ್ನು ಬಾಗಿಲಿನಿಂದಲೇ ಕಳಿಸಿದ್ದೇನೆ ಅಂದರು. ಡಾಕ್ಟರು ಎಲ್ಲದಕ್ಕೂ ತಲೆದೂಗಿದಳು. ಈ ಬೇರು ಕೆಲವರಿಗೆ ನಿಜಕ್ಕೂ ನಿದ್ದೆ ತರುತ್ತದೆ, ಕೆಲವರಿಗೆ ಏನೂ ಮಾಡುವುದಿಲ್ಲ, ಅದು ಇಷ್ಟೇ ಕೆಲಸ ಮಾಡುತ್ತದೆ ಅಂತ ಖಚಿತವಾಗಿ ಹೇಳುವಷ್ಟು ಯಾರಿಗೂ ಇನ್ನೂ ಗೊತ್ತಾಗಿಲ್ಲ ಎಂದಳು. ಕೆಲವರಿಗೆ ಮಾರನೆಯ ಬೆಳಗ್ಗೆಯೂ ಮಂಪರು ಉಳಿಯುತ್ತದೆ. ನಿದ್ದೆ ಮಾತ್ರೆ, ನೆಗಡಿ ಮಾತ್ರೆ, ಹೆಂಡ ಇವೆಲ್ಲ ಮನುಷ್ಯನನ್ನು ಅದೇ ಕಡೆಗೆ ಎಳೆಯುವಂಥವು. ಬೇರಿನ ಜೊತೆ ಸೇರಿದರೆ ಎಳೆತ ಜಾಸ್ತಿ. ಆಪರೇಷನ್ನು ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು. ತಿಂಗಳುಗಟ್ಟಲೆ ಕುಡಿಯುತ್ತ ಬಂದವರು ಇದ್ದಕ್ಕಿದ್ದಂತೆ ಬಿಡದೆ ಕಡಿಮೆ ಮಾಡುತ್ತ ಬರಬೇಕು. ಗಾಡಿ ಓಡಿಸುವವರು, ಯಂತ್ರ ನಡೆಸುವವರು ಮುಟ್ಟದಿದ್ದರೇ ಲೇಸು. ಇಷ್ಟು ಹೇಳಿ ಅವಳು ಅತ್ತೆಯ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು:

“ಅಮ್ಮ, ಕೊಡೋವಾಗ ಬೇರೆ ಯಾವ ಮಾತ್ರೆ ತಗೋತೀರ ಅಂತ ಕೇಳ್ತೀರಾ? ಬೆಳಗ್ಗೆ ಎದ್ದು ಏನು ಕೆಲಸ ಮಾಡ್ತೀರ ಅಂತ?”

ಅತ್ತೆ ಡಬ್ಬದ ಮುಚ್ಚಳವನ್ನು ತಿರುಗಿಸುತ್ತಿದ್ದರು. “ಮಾತ್ರೆ ಕೇಳಿಲ್ಲ ಡಾಕ್ಟರಮ್ಮ. ನಮ್ಮ ಕಾಲದಲ್ಲಿ ಯಾರ ಹತ್ರ ಮಾತ್ರೆ ಇತ್ತು?” ಮುಚ್ಚಳ ಬಿಗಿಮಾಡಿ, “ಇವಳ ಕೆಲಸ ಗೊತ್ತು. ಕ್ರೇನು. ಲಾರಿ ಥರ ಅಂದ್ಕೊಂಡಿದ್ದೆ. ನಾನು ನೋಡೇ ಇಲ್ಲ.”

ಡಾಕ್ಟರು ಸೊಸೆಯ ಕಡೆ ತಿರುಗಿ, ನಿದ್ದೆ ಯಾಕೆ ಹೋಯ್ತು ಅಂತ ಕೇಳಿದಳು. ಎಷ್ಟು ದಿನದಿಂದ ಅಂತಲೂ ಅಲ್ಲ, ಯಾಕೆ ಅಂತ. ಆ ಪ್ರಶ್ನೆಯನ್ನು ಯಾರೂ ಕೇಳದಿದ್ದುದು ತನಗೆ ಹಿತವಾಗಿತ್ತು ಎಂದುಕೊಂಡಿದ್ದಳು. ಈಗ ಕೇಳಿದ ಕೂಡಲೇ ಹಾಗಲ್ಲ ಅನ್ನಿಸಿತು. ಸೊಸೆಯಾಗಿ ಬಂದಾಗಿನಿಂದ ಅತ್ತೆಯ ಮುಂದೆ ಅತ್ತವಳಲ್ಲ. ಈಗಲೂ ಅಳಲಿಲ್ಲ, ಆದರೆ ಗಾಳಿಯ ದಿನದ್ದನ್ನು, ಹೊದಿಕೆಯ ಅಂಚನ್ನು, ಪ್ರತಿ ಸಲವೂ ನಿಲ್ಲುವ ಮೊದಲೇ ಎಚ್ಚರವಾಗುವುದನ್ನು ಹೇಳಿದಳು. ಹೇಳುವಾಗ ಕೈಗಳು ತಾವಾಗಿಯೇ ಹಿಡಿಗಳನ್ನು ಹಿಡಿದ ಹಾಗೆ ಮೇಲೆದ್ದವು. ಅತ್ತೆ ಆ ಕೈಗಳನ್ನೇ ನೋಡಿದರು. ಹೆದರಿಕೆ ಬರೋದು ಕೆಲಸ ಗೊತ್ತಿದ್ದವರಿಗೇ, ಅದಕ್ಕೆ ಮಾತಾಡಿ ವಾಸಿ ಮಾಡುವವರಿದ್ದಾರೆ, ಕಳಿಸ್ತೀನಿ, ಅದು ಬೇರಿನ ಕೆಲಸ ಅಲ್ಲ ಅಂದಳು ಡಾಕ್ಟರು. ಆ ಮಾತಿನಲ್ಲಿ ಕನಿಕರವಿರಲಿಲ್ಲ. ಅದಕ್ಕೇ ಅವಳಿಗೆ ಅದು ಹಿಡಿಸಿತು.

ಮನೆಗೆ ನಡೆದು ಬರುವ ದಾರಿಯಲ್ಲಿ ಅತ್ತೆ ಒಂದೇ ಮಾತು ಕೇಳಿದರು, ಅಲ್ಲಿ ನನ್ನ ಹೆಸರು ಹೇಳಿದೆಯಾ ಅಂತ. ಇಲ್ಲ, ಬೇರು ಅಂದೆ ಅಷ್ಟೆ ಅಂದಳು. ಅತ್ತೆ ಹೂಂ ಅಂದರು. ಆ ಹೂಂ ಸಮಾಧಾನದ್ದೋ ಅಸಮಾಧಾನದ್ದೋ ತಿಳಿಯಲಿಲ್ಲ. ಮುಂದಿನ ದಿನಗಳಲ್ಲಿ ಸಂಜೆ ಬಂದ ಮುದುಕಿಯರನ್ನು ಅತ್ತೆ ಜಗಲಿಯ ಮೇಲೆ ಕೂರಿಸಿ, ನೀವು ಏನೇನು ಮಾತ್ರೆ ನುಂಗ್ತೀರಿ, ತಂದು ತೋರಿಸಿ ಎಂದು ಜೋರು ಮಾಡುವುದು ಒಳಗೆ ಮಲಗಿದ್ದ ಅವಳಿಗೆ ಕೇಳಿಸುತ್ತಿತ್ತು. ಒಬ್ಬಾಕೆ ಮುನಿಸಿಕೊಂಡು, ಅಷ್ಟೆಲ್ಲ ತೋರಿಸಬೇಕಾದ್ರೆ ಆಸ್ಪತ್ರೆಗೇ ಹೋಗ್ತೀನಿ ಬಿಡಿ ಅಂದಳು. ಅಲ್ಲಿಗೇ ಹೋಗಿ ಅಂತ ಹೇಳ್ತಿರೋದು ಅಂದರು ಅತ್ತೆ. ಬೇರಿನಿಂದ ಬಂದ ಹೆಸರು ಬೇರಿನಿಂದಲೇ ಹೋಯಿತು. ಆದರೆ ಅತ್ತೆಯ ದನಿ ಕುಗ್ಗಿರಲಿಲ್ಲ, ಇನ್ನೂ ಒಂದು ಮೆಟ್ಟಿಲು ಏರಿತ್ತು.

ಡಾಕ್ಟರು ರಜೆ ಹಾಕಲು ಹೇಳಿದ ದಿನಗಳು ಮುಗಿದು, ಮಾತ್ರೆಯ ಮಂಪರೂ ಬೇರಿನದೂ ಮೈಯಿಂದ ಇಳಿದುಹೋದ ಮೇಲೆ, ಅವಳು ಕೆಲಸಕ್ಕೆ ಹೊರಟಾಗ ಅತ್ತೆಯೂ ಚಪ್ಪಲಿ ಮೆಟ್ಟಿದರು. ಎಲ್ಲಿಗೆ ಅಂದರೆ, ನಿನ್ನ ಜೊತೆಗೆ ಅಂದರು. ಬೇಡ ಅಂದರೆ ಕೇಳುವವರಲ್ಲ. ಇಡೀ ದಾರಿ ಅವಳಿಗೆ ಮುಜುಗರ. ಶಾಲೆಗೆ ಅಮ್ಮನನ್ನು ಕರೆದುಕೊಂಡು ಬಂದ ಹುಡುಗಿಯ ಹಾಗೆ ಕಾಣುತ್ತೇನೆ, ಇನ್ನು ಏನೇನು ಹೆಸರಿಡುತ್ತಾರೋ ಎಂದು. ಗೇಟಿನೊಳಗೆ ಕಾಲಿಡುತ್ತಲೇ ಅತ್ತೆ ನಿಂತುಬಿಟ್ಟರು. ಕ್ರೇನಿನ ಬುಡದಿಂದ ಶುರುಮಾಡಿ ಕತ್ತು ಎತ್ತುತ್ತ ಎತ್ತುತ್ತ ಹೋದರು, ಕೈಯಿಂದ ಬಿಸಿಲಿಗೆ ಮರೆ ಮಾಡಿಕೊಂಡರು.

“ಅಲ್ಲಿ?”

“ಹೂಂ ಅತ್ತೆ.”

“ಆ ಪೆಟ್ಟಿಗೆಯೊಳಗಾ?”

“ಹೂಂ.”

ಅಷ್ಟರಲ್ಲಿ ಸೂಪರ್‌ವೈಸರ್ ಡಾಕ್ಟರ ಚೀಟಿ ನೋಡಿಕೊಂಡು ಬಂದ. ಸುತ್ತ ಜನ ಸೇರಿದ್ದರು. ಅವನೂ ತಮಾಷೆಯ ಧಾಟಿ ಹಿಡಿದು, ಹೇಗೆ, ಇವತ್ತು ಏನೂ ಬೇರು ಗೀರು ಇಲ್ಲ ತಾನೇ ಅಂದ. ಇಬ್ಬರು ಮೂವರು ನಕ್ಕರು. ಇಲ್ಲ ಸರ್, ನಿದ್ದೆಯೂ ಪೂರ್ತಿ ಇಲ್ಲ, ಆದರೆ ಎಚ್ಚರ ಪೂರ್ತಿ ಇದೆ, ಅಂದಳು. ಹಾಗೆ ಹೇಳಬೇಕೆಂದು ದಾರಿಯಲ್ಲಿ ಯೋಚಿಸಿರಲಿಲ್ಲ. ನಿಜವಾದ್ದರಿಂದ ಬಂತು. ಆಗ ಅತ್ತೆ ಒಂದು ಹೆಜ್ಜೆ ಮುಂದೆ ಬಂದು, ನೂಲಿನ ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ಎತ್ತರಿಸಿದ ದನಿಯಲ್ಲಿ, ಆದರೆ ಕೂಗದೆ, ಹೇಳಿದರು:

“ಬೇರು ಕೊಟ್ಟವಳು ನಾನು. ಕೇಳದೆ ಕೊಟ್ಟೆ, ಅದು ನನ್ನ ತಪ್ಪು. ಇಳಿದು ಬಂದವಳು ಇವಳು. ಅಷ್ಟು ಎತ್ತರದಿಂದ, ಇಷ್ಟು ಜನರ ಮಧ್ಯೆಗೆ. ನಿಮ್ಮಲ್ಲಿ ಇನ್ಯಾರಾದರೂ ಹಾಗೆ ಇಳಿದಿದ್ದರೆ ಹೇಳಿ, ಅವರ ಮುಖವನ್ನೂ ನೋಡಿಕೊಂಡು ಹೋಗ್ತೀನಿ.”

ಗಾಳಿಗೆ ಪ್ಲಾಸ್ಟಿಕ್ ಹಾಳೆಯೊಂದು ಪಟಪಟ ಅನ್ನುತ್ತಿತ್ತು. ಇನ್ನೊಂದು ಕ್ರೇನಿನವನು, ಆಗ ತಾನೇ ಗೇಟಿನೊಳಗೆ ಬಂದವನು, ಸಿಗರೇಟನ್ನು ಗೋಡೆಗೆ ಒತ್ತಿ ಆರಿಸಿ, ಯಾರ ಮುಖವನ್ನೂ ನೋಡದೆ ತನ್ನ ಏಣಿಯತ್ತ ನಡೆದ. ಸೂಪರ್‌ವೈಸರ್ ಗಂಟಲು ಸರಿಮಾಡಿಕೊಂಡ. ಹೋಗಿ, ಹತ್ತಿ ಅಂದ. ಆಮೇಲೆ, ಇನ್ನು ಮೇಲೆ ಬೆಳಗ್ಗೆ ಎಲ್ಲರನ್ನೂ ಕೇಳ್ತೀನಿ, ಮಾತ್ರೆ ಗೀತ್ರೆ ಏನಿದ್ರೂ ಮೊದಲೇ ಹೇಳಿ ಅಂತ, ಯಾರಿಗೋ ಸಮಜಾಯಿಷಿ ಕೊಡುವವನಂತೆ ಗಾಳಿಗೆ ಹೇಳಿದ.

ಅವಳು ಹತ್ತಿದಳು. ನಡುವೆ ಎಲ್ಲೂ ಕೂರಲಿಲ್ಲ. ಕ್ಯಾಬಿನ್ನಿನ ಗಾಜಿನ ಮೇಲೆ ಅಷ್ಟು ದಿನಗಳ ಧೂಳು ಕೂತಿತ್ತು, ಒರೆಸಿದಳು. ಗಾಳಿಯ ದಿನದ ಹೊರೆ ಒಳಗೆಲ್ಲೋ ಇನ್ನೂ ತೂಗುತ್ತಿತ್ತು. ವಾಕಿಟಾಕಿ ತೆಗೆದು, ಅಣ್ಣ, ಇವತ್ತು ನಾನು ನಿಧಾನ ಅಂದಳು. ಇಂಥ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನಿಧಾನಕ್ಕೇ ಮಾಡು, ಕಟ್ಟಡ ಎಲ್ಲೂ ಓಡಿಹೋಗಲ್ಲ ಅಂದ ಸೀಟಿ. ಚಪ್ಪಡಿ ಎತ್ತಿದಳು. ಒಯ್ದಳು. ಇಳಿಸಿದಳು. ಮೂರನೆಯದೋ ನಾಲ್ಕನೆಯದೋ ಇಳಿಸುವ ಹೊತ್ತಿಗೆ ಬೇಲಿಯ ಬದಿಗೆ ಕಣ್ಣು ಹೋಯಿತು. ಬೆರಳಿನ ಉಗುರಿನಷ್ಟು ಗಾತ್ರದ ಒಬ್ಬ ಹೆಂಗಸು ಅಲ್ಲೇ ಇದ್ದಳು.

“ಅಣ್ಣ, ಅತ್ತೆ ಇನ್ನೂ ಹೋಗಿಲ್ವಾ?”

“ಹೋಗಲ್ಲ ಅಂತಾರಮ್ಮ. ಕುರ್ಚಿ ಹಾಕಿಸಿ, ಒಂದು ಟೋಪಿ ಕೊಟ್ಟಿದ್ದೀನಿ.”

“ಏನು ಮಾಡ್ತಿದ್ದಾರೆ?”

ಸ್ವಲ್ಪ ಹೊತ್ತು ಗರಗರ ಸದ್ದು. ಅವನು ಬೇಲಿಯ ಕಡೆ ತಿರುಗಿ ನೋಡಿದ್ದು ಅವಳಿಗೆ ಮೇಲಿನಿಂದ ಕಂಡಿತು.

“ದಾರೀಲಿ ಹೋಗೋರನ್ನೆಲ್ಲ ನಿಲ್ಲಿಸಿ ನಿನ್ನ ತೋರಿಸ್ತಿದ್ದಾರೆ.”

ಅವಳು ಉತ್ತರ ಕೊಡಲು ಗುಂಡಿ ಒತ್ತಿದಳು. ಒತ್ತಿದ ಹೆಬ್ಬೆರಳನ್ನು ತೆಗೆಯುವುದನ್ನೇ ಮರೆತಿದ್ದರಿಂದ ಅವಳ ಉಸಿರು ಕೆಳಗಿನವರಿಗೆಲ್ಲ ಕೇಳಿಸುತ್ತಿತ್ತು. ಆಮೇಲೆ ದನಿ ಸರಿಮಾಡಿಕೊಂಡು, ಮುಂದಿನದನ್ನು ಕಟ್ಟಿ ಅಂದಳು.